ಖಾಲಿ ಜಾಗದಲ್ಲಿ ರಾಮಲಿಂಗ

ಸುರಪುರದ ಅಂಬ್ರಪ್ಪ ಮಾಸ್ತರರು ತೋರುಬೆರಳು ಎತ್ತಿದರೆ ಗುಡ್ಡದ ಮೇಲಿನ ಕೋತಿಗಳೂ ಸಾಲಾಗಿ ಕೂಡುತ್ತಿದ್ದವು. ಕನ್ನಡ ಕಲಿಸಬೇಕಾದವರ ತಲೆಗೆ ಎಲ್ಲೋ ಓದಿದ ತತ್ವಶಾಸ್ತ್ರ ಹೊಕ್ಕಿತ್ತು. ವಸ್ತು ಬೇರೆ, ಅದರ ಚಿತ್ರ ಬೇರೆ. ಜಗತ್ತಿನ ಅರ್ಧ ಜಗಳ ಎರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ಎಂಬುದು ಅವರ ವಾದ. ಹಲಗೆಯ ಮೇಲೆ ಗುಂಡಗೆ ಒಂದು ರೊಟ್ಟಿ ಬರೆದು ಕೇಳುವರು:

"ಇದೇನ್ರಲೇ?"

"ರೊಟ್ಟಿರಿ ಸರ."

"ಅಲ್ಲ! ಇದು ರೊಟ್ಟಿ ಅಲ್ಲ, ರೊಟ್ಟಿ ಚಿತ್ರ. ರೊಟ್ಟಿ ಹೌದಂದ್ರ ಬಾ, ಮುರಕೊಂಡು ತಿನ್ನು!"

ಶಹಾಪುರದ ಗುಡ್ಡವನ್ನೂ ಬಿಡಲಿಲ್ಲ. "ರಸ್ತಾದಾಗ ನಿಂತ್ರ ಮಲಗಿದ ಬುದ್ಧ. ಹತ್ತಿ ನೋಡ್ರಿ, ಬರೇ ಕಲ್ಲು."

ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿನಿ ಫಿರ್ದೌಸ್ ಆ ಬೆರಳೆತ್ತಿದ ಭಂಗಿಯ ಫೋಟೋ ತೆಗೆದು ಮೀಮ್ ಮಾಡಿದಳು. ಒಂದು ಕಡೆ ಮಾಸ್ತರರು, ಇನ್ನೊಂದು ಕಡೆ ಖಾಲಿ ಜಾಗ; ಅಲ್ಲಿ ಯಾರು ಏನು ಬೇಕಾದರೂ ಅಂಟಿಸಬಹುದು. ತಗ್ಗು ಬಿದ್ದ ರಸ್ತೆ ಅಂಟಿಸಿದರು: 'ಇದು ರಸ್ತಾ ಅಲ್ಲ, ರಸ್ತಾದ ಚಿತ್ರ.' ಹಾಸ್ಟೆಲ್ಲಿನ ಬೇಳೆ ಅಂಟಿಸಿದರು: 'ಇದು ಬ್ಯಾಳಿ ಅಲ್ಲ, ಬ್ಯಾಳಿ ಚಿತ್ರ.' ಅದು ಯಾದಗಿರಿ ತನಕ ಹರಡಿದ ವೇಗ ಕಂಡು ಕಾಲುವೆಯ ನೀರು ನಾಚಿ ನಾರಾಯಣಪುರ ಅಣೆಕಟ್ಟಿನ ಕಡೆಗೇ ತಿರುಗಿ ಹರಿಯಿತು. ಮಾಸ್ತರರು ಹಿಗ್ಗಿದ ರಭಸಕ್ಕೆ ಅಂಗಿಯ ಗುಂಡಿಗಳು ಹಾರಿ ಎದುರು ಮನೆಯ ಕಿಟಕಿಗೆ ಬಡಿದವು. "ಸರ, ಒಮ್ಮೆ ಅನ್ರಿ" ಅಂದರೆ ಸಾಕು, ಸಂತೆಯಲ್ಲೂ ಅನ್ನುವರು.

ಆಗ ರಾಮಲಿಂಗ ತೀರಿಕೊಂಡ. ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದವನು, ಮಾಸ್ತರರ ಜೊತೆ ದಿನಾ ಒಂದು ಚಹಾವನ್ನು ಕಪ್ಪು-ಬಸಿಯಲ್ಲಿ ಹಂಚಿಕೊಂಡವನು. ದಿನಕರ್ಮದಂದು ಅವನ ಹೆಂಡತಿ ಗೊಲ್ಲಾಳಮ್ಮ ಗಂಡನ ಫೋಟೋಕ್ಕೆ ಹೂ ಹಾಕಿ ಮುಂದೆ ಎಡೆ ಇಡುತ್ತಿದ್ದಳು: ಹೋಳಿಗೆ, ಎಣ್ಣೆಗಾಯಿ, ಅವನು ಕೊನೆತನಕ ಬಿಡದ ಎಲೆ-ಅಡಿಕೆ. ಹಿಂದೆ ಕೂತ ಹುಡುಗರಲ್ಲೊಬ್ಬ ಫೋನು ಹಿಡಿದು ಪಿಸುಗುಟ್ಟಿದ: "ಸರ, ಒಮ್ಮೆ..."

ಬೆರಳು ತಾನೇ ಎದ್ದಿತು. "ಇದು ರಾಮಲಿಂಗ ಅಲ್ಲ, ರಾಮಲಿಂಗನ ಚಿತ್ರ."

ಹಿಂದಿನ ಸಾಲು ಕಿಸಕ್ಕೆಂದಿತು. ಗೊಲ್ಲಾಳಮ್ಮನ ಕೈ ಒಂದು ಗಳಿಗೆ ನಿಂತಿತು. ಅವಳು ತಲೆ ಎತ್ತಲಿಲ್ಲ. ಹೋಳಿಗೆಯ ಮೇಲೆ ಇನ್ನಷ್ಟು ತುಪ್ಪ ಹಾಕಿದಳು. ಅಂದು ಮಾಸ್ತರರು ಉಣ್ಣದೆಯೇ ಎದ್ದು ಮನೆಗೆ ನಡೆದರು.

ಮರುದಿನ ಬೆಳಿಗ್ಗೆ ಎಲ್ಲರ ಫೋನಿನಲ್ಲೂ ಅದೇ: ಒಂದು ಕಡೆ ಬೆರಳು, ಇನ್ನೊಂದು ಕಡೆ ಹೂಮಾಲೆಯ ರಾಮಲಿಂಗ. ಮಾಸ್ತರರು ಚಪ್ಪಲಿ ಮರೆತು ಫಿರ್ದೌಸಳ ಮನೆಗೆ ಓಡಿದರು.

"ನಾನು ಜಾಗ ಖಾಲಿ ಬಿಟ್ಟಿದ್ದು ಸತ್ತವರನ್ನ ಕೂಡ್ಸಾಕ ಅಲ್ರಿ ಸರ," ಅಂದಳು ಅವಳು. "ಹಾಕಿದವ ಗೊತ್ತಾಗ್ಯಾನ. ಸಂಜಿ ಒಳಗ ತೆಗಸ್ತೀನಿ. ಆದ್ರ ಆ ಅಮ್ಮನ ಮುಂದ ನೀವೇ ಹೋಗಬೇಕ್ರಿ."

ಹೋದರು. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡಿದ್ದರು. ಹೊಸ್ತಿಲು ಮುಟ್ಟುವಷ್ಟರಲ್ಲಿ ಅವಳೇ ಎದ್ದು ಬಂದಳು.

"ಬರ್ರಿ ಸರ," ಅಂದಳು ಗೊಲ್ಲಾಳಮ್ಮ. "ಎಲ್ಲಾರ ಫೋನಿನ್ಯಾಗ ನಮ್ಮವರು ಬಂದಾರಂತ. ನನಗೂ ತೋರಸ್ರಿ."

ಅವಳಿಗೆ ಓದು ಬಾರದು. ಆದರೂ ಮಾಸ್ತರರು ಕೆಳಗಿನ ನಗುಮುಖಗಳ ಸಾಲಿಗೆ ಹೆಬ್ಬೆರಳು ಅಡ್ಡ ಹಿಡಿದು ಫೋನು ತೋರಿಸಿದರು. ಅವಳು ದೇವರ ಪಟಕ್ಕೆ ಮಾಡಿದ ಹಾಗೆಯೇ ಗಂಡನ ಮುಖವನ್ನು ಬೆರಳಿನಿಂದ ಬೇಗಬೇಗ ಎರಡು ಸಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ತೆರೆಯ ಮೇಲೆ ಕೆಂಪು ಹೃದಯವೊಂದು ಪುಟಿದೆದ್ದಿತು. ಅಂಬ್ರಪ್ಪ ಮಾಸ್ತರರು ಇದನ್ನು ಮೆಚ್ಚಿದ್ದಾರೆಂದು ಸುತ್ತಲಿನ ತಾಲ್ಲೂಕುಗಳಿಗೆಲ್ಲ ಡಂಗುರವಾಯಿತು.

"ಅದೇನ್ರಿ ಸರ, ಕೆಂಪಗ?"

ಮಾಸ್ತರರು ಗೋಡೆ ನೋಡಿದರು. "ಹೂವು."

"ಭಾಳ ಮಂದಿ ಏರಿಸ್ಯಾರೇನ್ರಿ?"

"ಭಾಳ ಮಂದಿ."

"ಇಷ್ಟು ಮಂದಿಗೆ ಇವರು ಬೇಕಾಗಿದ್ರಂತ ನನಗ ಗೊತ್ತೇ ಇರಲಿಲ್ಲ ನೋಡ್ರಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ತೆಗೀಬ್ಯಾಡಂತ ಹೇಳ್ರಿ ಸರ. ಇರಲಿ."

ಹೊರಗೆ ಬಂದು ಫಿರ್ದೌಸಳಿಗೆ ಫೋನು ಹಚ್ಚಿದರು. "ತೆಗಸಬ್ಯಾಡವಾ."

"ಯಾಕ್ರಿ ಸರ? ಏನಂದ್ರು ಆ ಅಮ್ಮ?"

ವ್ಯಾಖ್ಯಾನ ಮಾಡದೆ ಒಂದು ಲೋಟ ನೀರೂ ಕುಡಿಯದ ಮನುಷ್ಯ "ಇರಲಿ ಅಂದಾರವಾ" ಎಂದಷ್ಟೇ ಹೇಳಿ ಬರಿಗಾಲಲ್ಲಿ ಮನೆಯ ಕಡೆ ನಡೆದರು.