ಹನ್ನೆರಡು ವೋಲ್ಟಿಗೆ ಇಪ್ಪತ್ತು ವಾಟ್

ಬೆಳಗಿನ ಐದೂವರೆ. ಅಡುಗೆಮನೆಯ ಕಟ್ಟೆಯ ಮೇಲೆ ಅಂಗೈಯಗಲದ ಅಲ್ಯೂಮಿನಿಯಂ ಪೆಟ್ಟಿಗೆ, ಎರಡು ಮೀಟರು, ಪಕ್ಕದಲ್ಲೊಂದು ಎಣ್ಣೆ ಡಬ್ಬಿ. ಅತ್ತೆ ಕನ್ನಡಕ ಏರಿಸಿ ನೋಟ್‌ಬುಕ್ ಹಿಡಿದು ಕೂತಿದ್ದಾರೆ. ಸೊಸೆ ಗುಂಡಿ ಒತ್ತುತ್ತಾರೆ.

“ಎಷ್ಟತ್ತೆ?”

“ಹದಿನಾಲ್ಕು ವಾಟು. ನಿನ್ನೇನೂ ಹದಿನಾಲ್ಕೇ. ಈ ಪೆಟ್ಟಿಗೆ ಹಟ ಹಿಡಿದು ಕೂತಿದ್ಯಾ?”

ಸೊಸೆಯನ್ನು ಬೀದಿಯವರೆಲ್ಲ ಕರೆಯುವುದು ‘ಕಾಯಿಲ್ ಅಕ್ಕ’ ಎಂದು. ಸುಟ್ಟ ಮೋಟಾರುಗಳ ಕಾಯಿಲ್ ಬಿಚ್ಚಿ ಹೊಸ ತಂತಿ ಸುತ್ತುವುದು ಅವರ ಕೆಲಸ. ದಿನಕ್ಕೆ ಆರು ಫ್ಯಾನು, ಎರಡು ಪಂಪು. ಹತ್ತೊಂಬತ್ತು ವರ್ಷದಿಂದ ಇದೇ ಲೆಕ್ಕ. “ಕಾಯಿಲೆ ಅಕ್ಕ ಅಂತ ಕೇಳಿಸ್ಕೊಂಡು ಕಷಾಯ ಹೇಳ್ಕೊಟ್ಟವರೂ ಇದ್ದಾರೆ” ಎಂದು ನಗುತ್ತಾರೆ.

ರಿಪೇರಿಗೆ ಬಂದ ಹಳೆಯ ರೇಡಿಯೊ ಒಂದರಲ್ಲಿ ಯಾರೋ ಇಬ್ಬರು ಹವಾಮಾನದ ಬಗ್ಗೆ ಹರಟುತ್ತಿದ್ದುದು ಕೇಳಿಸಿದ್ದೇ ನೆಪ, ಮನೆಯಿಂದಲೇ ದೂರದವರೊಂದಿಗೆ ಮಾತಾಡುವ ಹವ್ಯಾಸಿ (ಹ್ಯಾಮ್) ರೇಡಿಯೊದ ಹುಚ್ಚು ಹತ್ತಿತು. ಮೂವತ್ತೆಂಟನೇ ವಯಸ್ಸಿನಲ್ಲಿ ಅದರ ಲೈಸೆನ್ಸ್ ಪರೀಕ್ಷೆ ಕಟ್ಟಿದರು. ಒಮ್ಮೆ ನಪಾಸು, ಮರುವರ್ಷ ಪಾಸು.

ಕಳೆದ ವರ್ಷ ಬಿರುಗಾಳಿಗೆ ಕರೆಂಟು, ಫೋನು ಎರಡೂ ಹೋದವು. ಹೊಳೆಯ ಸೇತುವೆ ಮುರಿದಿತ್ತು. ಹಿಂದಿನ ಬೀದಿಯಲ್ಲಿ ಒಬ್ಬಾಕೆಗೆ ಹೆರಿಗೆ ನೋವು. ದೋಣಿ ಕಳಿಸಿ ಎಂದು ಆಚೆ ದಡಕ್ಕೆ ತಿಳಿಸಲು ಉಳಿದದ್ದು ಇವರ ಐದು ವಾಟಿನ ರೇಡಿಯೊ ಒಂದೇ. ಆಚೆ ರೇಡಿಯೊ ಇಟ್ಟುಕೊಂಡಿದ್ದದ್ದು ಒಬ್ಬ ನಿವೃತ್ತ ನರ್ಸ್. ರೇಡಿಯೊದ ಗರಗರ ಸದ್ದಿನಲ್ಲಿ ಅವರಿಗೆ ಅರ್ಧ ಮಾತೂ ಸಿಗಲಿಲ್ಲ.

“ದೋಣಿ, ದೋಣಿ ಅಂತ ಒಂದೂವರೆ ಗಂಟೆ ಅರಚಿದೀನಿ. ಅವರಿಗೆ ಗೋಣಿ ಅಂತ ಕೇಳಿಸ್ತಂತೆ! ಈಗ ನಗು ಬರುತ್ತೆ. ಅವತ್ತು ಅಳೋದೊಂದೇ ಬಾಕಿ.”

ಕೊನೆಗೂ ದೋಣಿ ಬಂತು. ತಾಯಿ, ಮಗು ಇಬ್ಬರೂ ಉಳಿದರು. ಮರುವಾರವೇ ಇವರು ಆಂಪ್ಲಿಫೈಯರ್ ಕಟ್ಟಲು ಕೂತರು. ರೇಡಿಯೊದ ಸಣ್ಣ ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆ ಅದು. ಆದರೆ ಕರೆಂಟು ಹೋದಾಗ ಅದು ನಡೆಯಬೇಕಾದದ್ದು ಬ್ಯಾಟರಿಯ ಮೇಲೆ. ಬ್ಯಾಟರಿ ಇಳಿದಂತೆ ವೋಲ್ಟೇಜೂ ಇಳಿಯುತ್ತದೆ. ಎಷ್ಟು ವೋಲ್ಟಿಗೆ ಎಷ್ಟು ವಾಟು ಎಂದು ಮೊದಲೇ ಗೊತ್ತಿರಬೇಕು. ಅದಕ್ಕೇ ಈ ಬೆಳಗಿನ ಪರೀಕ್ಷೆ. ಆಂಟೆನಾದ ಜಾಗದಲ್ಲಿ ಎಣ್ಣೆ ಡಬ್ಬಿ: ಒಳಗೆ ಮುಳುಗಿರುವ ರೆಸಿಸ್ಟರುಗಳು ಹೊರಗೆ ಹೋಗಬೇಕಾದ ಶಕ್ತಿಯನ್ನು ನುಂಗಿ ಬಿಸಿಯಾಗುತ್ತವೆ.

ಲೆಕ್ಕದ ಪ್ರಕಾರ ಹನ್ನೆರಡು ವೋಲ್ಟಿಗೆ ಇಪ್ಪತ್ತು ವಾಟು ಬರಬೇಕು. ಎರಡು ವಾರದಿಂದ ಬರುತ್ತಿಲ್ಲ. ಟ್ರಾನ್ಸಿಸ್ಟರ್ ಬದಲಿಸಿದ್ದಾರೆ, ಕಾಯಿಲ್ ಮೂರು ಸಲ ಸುತ್ತಿದ್ದಾರೆ.

“ಅಲ್ಲ ಕಣೇ,” ಅತ್ತೆ ಪೆನ್ನಿನ ತುದಿಯಿಂದ ಇನ್ನೊಂದು ಮೀಟರು ತೋರಿಸುತ್ತಾರೆ. “ನೀನು ಗುಂಡಿ ಒತ್ತಿದಾಗೆಲ್ಲ ಈ ವೋಲ್ಟಿನ ಮುಳ್ಳು ಹತ್ತಕ್ಕೆ ಜಾರುತ್ತಲ್ಲ, ಅದೂ ಬರ್ಕೋಬೇಕಾ?”

ಕಾಯಿಲ್ ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಬ್ಯಾಟರಿಯಿಂದ ಪೆಟ್ಟಿಗೆಗೆ ಎಳೆದಿದ್ದ ತಂತಿ ತೀರಾ ಸಣ್ಣದು. ದಾರಿಯಲ್ಲೇ ಎರಡು ವೋಲ್ಟು ಕಳೆದುಹೋಗುತ್ತಿದೆ. “ಊರಿಗೆಲ್ಲ ತಂತಿ ಸುತ್ತೋಳು ನಾನು. ಮಾನ ಹೋಯ್ತು!”

ಅವರದೇ ರಿಪೇರಿ ಅಂಗಡಿಯಿಂದ ದಪ್ಪ ತಂತಿ ಬರುತ್ತದೆ. ಹನ್ನೆರಡು ವೋಲ್ಟಿಗೆ ಇಪ್ಪತ್ತು ವಾಟು. ಹನ್ನೊಂದಕ್ಕೆ ಇಳಿಸಿದರೂ ಹದಿನೇಳು. ಅತ್ತೆ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆಯುತ್ತಾರೆ.

ಎಣ್ಣೆ ಡಬ್ಬಿ ಕಳಚಿ ಆಂಟೆನಾ ಸಿಕ್ಕಿಸಿದರೆ, ಆಚೆ ದಡದ ನರ್ಸಮ್ಮನ ದನಿ: “ಏನ್ರೀ, ನಮ್ಮನೆ ಒಳಗೇ ಬಂದು ಕೂತ್ಕೊಂಡಿದ್ದೀರಾ? ಅಷ್ಟು ಚೆನ್ನಾಗಿ ಕೇಳ್ತಿದೆ!”

ಮುಂದೇನು ಆಸೆ ಎಂದರೆ ಕಾಯಿಲ್ ಅಕ್ಕ ಪೆಟ್ಟಿಗೆಯ ಬಿಸಿಯನ್ನು ಬೆರಳಿಂದ ಮುಟ್ಟಿ ನೋಡುತ್ತಾರೆ. “ಯಾರ ಕಷ್ಟಕ್ಕೂ ಇದು ಬೇಕಾಗೋದೇ ಬೇಡ. ಬರೀ ಹರಟೆ ಹೊಡೆದೂ ಹೊಡೆದೂ ಸವೆದು ಹೋಗ್ಲಿ. ನಂಗಷ್ಟೇ ಸಾಕು.”