ನನ್ನ ತೋಳಿನ ಅಳತೆಯ ಬಂದೂಕು

ಮೊಮ್ಮಕ್ಕಳೇ, ಅವ್ವಿ, ಅಪ್ಪು, ಚಿನ್ನವ್ವ, ಹೋದ ವಾರ ಊಟಕ್ಕೆ ಕೂತಾಗ ನೀವು ಎರಡು ಮಾತು ಕೇಳಿದಿರಿ. ನನ್ನ ಯಜಮಾನರ, ನಿಮ್ಮ ಮುತ್ಯಾನ, ಬಂದೂಕಿನ ಹಿಂದಿನ ಕಟ್ಟಿಗೆ ಯಾಕೆ ಗಿಡ್ಡವಾಗಿದೆ ಎಂದು ಒಂದು. ಮುತ್ಯಾನ ತಮ್ಮ, ನೀವು ಸಣ್ಣ ಮುತ್ಯಾ ಅನ್ನುವವರು, ನಮ್ಮ ಮನೆಯಲ್ಲಿ ನೀರು ಯಾಕೆ ಮುಟ್ಟುವುದಿಲ್ಲ ಎಂದು ಇನ್ನೊಂದು. ನಾನು ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿದೆ. ಎರಡಕ್ಕೂ ಉತ್ತರ ಒಂದೇ. ಅದನ್ನು ಬಾಯಿಂದ ಹೇಳುವ ಧೈರ್ಯ ಈ ವಯಸ್ಸಿನಲ್ಲೂ ನನಗೆ ಬಂದಿಲ್ಲ. ಆದರೆ ನಮ್ಮೂರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಕೈಯಲ್ಲಿದೆ. ಸಿಟ್ಟೂ ಇನ್ನೂ ಆರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹೊಲ ಕಕ್ಕೇರಾಕ್ಕೂ ಹೊಳೆಗೂ ನಡುವೆ ಇದೆ. ತಿಂಥಣಿಯ ಕಡೆಯ ಹೊಳೆದಂಡೆಯ ಜಾಲಿಯಲ್ಲಿ ಅಡಗುವ ಕಾಡುಹಂದಿಗಳು ಶೇಂಗಾ ಕಾಳು ಕಟ್ಟುವ ಹೊತ್ತಿಗೆ ತಪ್ಪದೆ ಬರುತ್ತವೆ. ಒಂದು ಹಿಂಡು ಹೊಕ್ಕು ಹೋದರೆ ಹೊಲ ನೇಗಿಲು ಹೊಡೆದಂತೆ ಆಗಿರುತ್ತದೆ. ಅದಕ್ಕಾಗಿ ಮುತ್ಯಾ ಲೈಸನ್ಸ್ ಮಾಡಿಸಿದರು. ಬೆಳೆ ಕಾಯಲು ಮತ್ತು ಮನೆ ಕಾಯಲು ಎಂದು ಅದರಲ್ಲಿ ಬರೆದಿತ್ತು. ಬಂದೂಕು ಆರಿಸಲು ಕಲಬುರಗಿಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಂಗಡಿಯವನು ಎರಡು ನಳಿಗೆಯದನ್ನೇ ತೆಗೆತೆಗೆದು ಮುಂದಿಡುತ್ತಿದ್ದ. ಮುತ್ಯಾ ಒಂದೇ ನಳಿಗೆಯ ಹನ್ನೆರಡು ಬೋರಿನದನ್ನು ಕೈಗೆ ತಗೊಂಡರು.

"ಎರಡ್ ಇದ್ರ ಚಲೋ ಅಲ್ರಿ ಯಜಮಾನ್ರ? ಒಂದ್ ತಪ್ಪಿದ್ರ ಇನ್ನೊಂದ್ ಇರ್ತದ" ಎಂದ ಅಂಗಡಿಯವನು.

"ಇನ್ನೊಂದ್ ಅದ ಅಂತ ಗೊತ್ತಾದ್ರ ಮೊದಲನೇದು ನೋಡಿ ಹಾಕಂಗಿಲ್ಲೋ ತಮ್ಮಾ ಮನಷ್ಯಾ" ಎಂದರು ಮುತ್ಯಾ.

ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ನಾನು ಈ ಮಾತು ಕೇಳಿದೆ. ಇಪ್ಪತ್ತೆರಡು ವರ್ಷ ಅವರು ಹಾಗೆಯೇ ನಡೆದರು. ಅರಣ್ಯದವರ ಅಪ್ಪಣೆ ಇಲ್ಲದೆ ಹಂದಿಯನ್ನೂ ಹೊಡೆಯುವಂತಿಲ್ಲ, ಹೊಡೆಯಲೂ ಇಲ್ಲ. ನಸುಕಿನಲ್ಲಿ ಬದುವಿನ ಮೇಲೆ ನಿಂತು ಯಾರೂ ಇಲ್ಲದ ಹೊಳೆಯ ಕಡೆ ನಳಿಗೆ ಎತ್ತಿ ಒಂದು ಸಪ್ಪಳ ಮಾಡಿದರೆ ಹಿಂಡು ಓಡುತ್ತಿತ್ತು. ಒಮ್ಮೆ ಕಳ್ಳರು ಬಾವಿಯ ಮೋಟಾರಿನ ಕೇಬಲ್ ಕೊಯ್ದುಕೊಂಡು ಹೋದರು. ಮನೆಯಲ್ಲಿ ಬಂದೂಕು ಇಟ್ಟುಕೊಂಡೂ ಕೇಬಲ್ ಕಳಕೊಂಡ ಎಂದು ಊರವರು ಆಡಿಕೊಂಡರು. "ಒಂದ್ ಮಾರು ವೈರಿಗೆ ಒಂದ್ ಜೀವ ತೂಗ್ಬೇಕೇನು?" ಎಂದು ಮುತ್ಯಾ ಊಟಕ್ಕೆ ಕೂತರು. ಆಡಿಕೊಂಡವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಬಂದೂಕನ್ನು ಹೊರಗೆ ತೆಗೆಯುವವರು ಅವರು. ಮಿಕ್ಕದ್ದೆಲ್ಲ ನನ್ನ ಕೆಲಸ. ನಡುವಿನ ಕೀಲಲ್ಲಿ ಮಡಚಿ ಒಳಗೆ ಗುಂಡಿಲ್ಲ ಎಂದು ಬೆರಳಿಟ್ಟು ನೋಡುವುದು, ನಳಿಗೆಯೊಳಗೆ ಅರಿವೆ ಎಳೆದು ಮಸಿ ತೆಗೆಯುವುದು, ಎಣ್ಣೆ ಹಚ್ಚುವುದು. ಬಂದೂಕು ಒಂದು ಅಲಮಾರಿಯಲ್ಲಿ, ಕಾಡತೂಸು ಬೇರೆ ಕೋಣೆಯ ಪೆಟ್ಟಿಗೆಯಲ್ಲಿ, ಎರಡೂ ಕೀಲಿ ನನ್ನ ಸೊಂಟದಲ್ಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸುತ್ತಿದ್ದೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಇದನ್ನು ನೆನಪಿಡಿ. ಮುಂದೆ ಬರುವ ಮಾತು ಇದನ್ನು ಬಿಟ್ಟರೆ ತಿಳಿಯುವುದಿಲ್ಲ.

ನನ್ನ ಮೈದುನ, ನಿಮ್ಮ ಸಣ್ಣ ಮುತ್ಯಾ, ಊರೊಳಗೆ ಇರುತ್ತಾನೆ. ಅವನಿಗೆ ಮೊದಲಿನಿಂದಲೂ ಆ ಬಂದೂಕಿನ ಮೇಲೆ ಕಣ್ಣು. ಮಗಳ ಮದುವೆಯಲ್ಲಿ ಬೀಗರ ಎದುರು ಹಾರಿಸಬೇಕೆಂದು ಕೇಳಲು ಬಂದಿದ್ದ. "ಇದೇನು ಬಾಸಿಂಗ ಏನೋ, ಮದಿವ್ಯಾಗ ಕಟ್ಟಾಕ?" ಎಂದು ಅವನ ಅಣ್ಣ ವಾಪಸು ಕಳಿಸಿದರು. ಇನ್ನೊಮ್ಮೆ ಗೆಳೆಯರ ಜೀಪು ತಂದು, ಗೋಗಿಯ ಆಚೆ ತೊಗರಿಯ ಹೊಲಗಳಲ್ಲಿ ಚಿಗರಿ ಹಿಂಡು ಇಳಿದಿದೆ, ಒಂದೇ ದಿನದ ಮಟ್ಟಿಗೆ ಕೊಡು ಎಂದ. ಚಿಗರಿ ಅಂದರೆ ಕೃಷ್ಣಮೃಗ, ಹೊಡೆದರೆ ಜೈಲು ಎಂಬುದು ನಮ್ಮ ಸೀಮೆಯ ಕೂಸಿಗೂ ಗೊತ್ತು. ಜೈಲಿನ ಮಾತು ಹಾಗಿರಲಿ. ಕಾಲು ನೆಲಕ್ಕೆ ಹತ್ತದಂತೆ ಓಡುವ ಆ ಪ್ರಾಣಿಯನ್ನು ಜೀಪಿನಲ್ಲಿ ಬೆನ್ನತ್ತಿ ದಣಿಸಿ ಹೊಡೆಯುವುದಕ್ಕೆ ಶಿಕಾರಿ ಅನ್ನುತ್ತಾರಂತೆ. ನಾಚಿಕೆ ಇಲ್ಲದ ಕೆಲಸಕ್ಕೆ ಎಷ್ಟು ಚೆಂದದ ಹೆಸರು. ಅವತ್ತೂ ಬಂದೂಕು ಹೊರಗೆ ಬರಲಿಲ್ಲ.

ಮುತ್ಯಾ ತೀರಿಕೊಂಡ ಮೂರನೆಯ ದಿನ ನಿಮ್ಮಪ್ಪ ಕಾಯ್ದೆಯ ಪ್ರಕಾರ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ತಂದ. ಹನ್ನೆರಡನೆಯ ದಿನ ಮೈದುನ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಕೈಯಲ್ಲಿ ಟೈಪು ಮಾಡಿಸಿದ ಕಾಗದ. ಸತ್ತವರ ಬಂದೂಕು ವಾರಸುದಾರರಲ್ಲಿ ಒಬ್ಬರ ಹೆಸರಿಗೆ ಆಗಬೇಕಾದರೆ ಉಳಿದವರು ತಮ್ಮ ತಕರಾರಿಲ್ಲ ಎಂದು ಸಹಿ ಹಾಕಬೇಕು. ನಾನು ಒಳಮನೆಯ ಬಾಗಿಲ ಹಿಂದೆ ನಿಂತಿದ್ದೆ.

"ವೈನಿ, ಇಲ್ಲೊಂದ್ ಸಹಿ ಹಾಕ್ರಿ. ಅಣ್ಣನ ಬಂದೂಕ ಠಾಣಾದಾಗ ತುಕ್ಕ ಹಿಡ್ಯಾಕತ್ತದ."

ನಿಮ್ಮಪ್ಪ ಕಾಗದವನ್ನೂ ಪೆನ್ನನ್ನೂ ತಂದು ಕೊಟ್ಟ. ನಾನು ಓದಲು ಶುರುಮಾಡಿದೆ.

"ಓದೂದೇನದರಿ ಅದ್ರಾಗ? ಎಲ್ಲಾ ಬರಸೀನಿ" ಎಂದ ಮೈದುನ.

"ಓದ್ಲಿ ಬಿಡೋ, ಸಾಲಿ ಕಲ್ತಾಕಿ. ಸಂಜಿತನ ಮುಗೀತದ" ಎಂದರು ಹಿರಿಯರಲ್ಲಿ ಒಬ್ಬರು. ಮಿಕ್ಕವರು ನಕ್ಕರು.

ಅದರಲ್ಲಿ ಹೀಗಿತ್ತು: ನಾನು ವಿಧವೆಯಾಗಿದ್ದು, ಅಬಲೆಯಾಗಿದ್ದು, ಬಂದೂಕನ್ನು ಹಿಡಿಯಲು ಮತ್ತು ಕಾಪಾಡಲು ಅಸಮರ್ಥಳಾಗಿದ್ದು, ನನ್ನ ಮನಃಪೂರ್ವಕವಾಗಿ ಮೈದುನರ ಹೆಸರಿಗೆ ಒಪ್ಪಿರುತ್ತೇನೆ.

ಮಕ್ಕಳೇ, ತಕರಾರಿಲ್ಲ ಎಂದಷ್ಟೇ ಬರೆದಿದ್ದರೆ ಬಹುಶಃ ಸಹಿ ಹಾಕಿಬಿಡುತ್ತಿದ್ದೆ. ನಿಜವನ್ನೇ ಹೇಳುತ್ತೇನೆ. ಅವತ್ತು ನನಗೆ ಬದುಕೇ ಬೇಡವಾಗಿತ್ತು, ಬಂದೂಕು ತಗೊಂಡು ಏನು ಮಾಡಲಿ? ಆದರೆ ಕಾಪಾಡಲು ಅಸಮರ್ಥಳು ಎಂದು ನನ್ನ ಬಾಯಲ್ಲೇ ಹೇಳಿಸಲು ಬಂದಿದ್ದರು. ಇಪ್ಪತ್ತೆರಡು ವರ್ಷ ಅದನ್ನು ಕಾಪಾಡಿದವರು ಯಾರು? ಅದರೊಳಗೆ ಒಂದು ಬಾರಿಯಾದರೂ ಅರಿವೆ ಎಳೆದಿದ್ದನೇ ಇವನು? ನನ್ನ ಮನಸ್ಸನ್ನು ನನಗೇ ಕೇಳದೆ ಮನಃಪೂರ್ವಕ ಎಂದು ಟೈಪು ಮಾಡಿಸಿ ತಂದಿದ್ದರಲ್ಲ, ಆ ಸೊಕ್ಕಿಗೆ ನನ್ನ ಕಿವಿ ಬಿಸಿಯಾಯಿತು. ಪೆನ್ನಿಗೆ ಮುಚ್ಚಳ ಹಾಕಿ ಕಾಗದದ ಜೊತೆ ನಿಮ್ಮಪ್ಪನ ಕೈಗೆ ವಾಪಸು ಇಟ್ಟೆ.

"ಒಲ್ಲೆ ಅಂತ ಹೇಳು."

ನಿಮ್ಮಪ್ಪ ಹೇಳುವ ಮೊದಲೇ ಎಲ್ಲರಿಗೂ ಕೇಳಿಸಿತ್ತು.

"ಒಲ್ಲೆ ಅಂದ್ರ? ಮತ್ತ ಯಾರ್ ಹಿಡ್ಯಾವ್ರು? ನಿಮ್ಮ ಮಗ ಬಸ್ಸಿನ ಸ್ಟೇರಿಂಗ್ ಹಿಡ್ಯಾಂವ, ವಾರದಾಗ ಮೂರ್ ದಿನ ಮನಿಯಾಗ ಇರಂಗಿಲ್ಲ" ಎಂದ ಮೈದುನ.

"ನಾನ ಹಿಡೀತೀನಿ ಅಂತ ಹೇಳು."

ಮೈದುನ ಹಿರಿಯರ ಕಡೆ ತಿರುಗಿ, "ಮಂದಿ ಮುಂದ ತಲಿ ಎತ್ತಲಾರದಾಕಿ ಹಂದಿ ಮುಂದ ಬಂದೂಕ ಎತ್ತತಾಳಂತ ನೋಡ್ರಿ" ಎಂದ. ಈ ಮಾತು ನಾಲ್ಕು ದಿನದಲ್ಲಿ ಕಕ್ಕೇರಾದ ಸಂತೆಯವರೆಗೂ ಹೋಯಿತು. ಕಾಯಿಪಲ್ಲೆ ಕೊಳ್ಳಲು ಹೋದಲ್ಲಿ, ಬಂದೂಕಿನ ಅವ್ವ ಬಂದಳು ಎಂದು ಹೆಂಗಸರೂ ನಕ್ಕರು. ಗಂಡಸರು ನಕ್ಕದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ನಿಮ್ಮಪ್ಪನಿಗೂ ಮನಸ್ಸಿರಲಿಲ್ಲ. "ಯವ್ವಾ, ಕಾಕಾಗ ಕೊಟ್ ಬಿಡು. ನಮಗ ಜಗಳ ಯಾಕ ಬೇಕು?" ಎಂದ.

"ಕೊಟ್ರ ಮೊದಲನೇ ಗುಂಡು ಚಿಗರಿಗಿ ಬೀಳ್ತದ. ಎರಡನೇದು ಯಾರದರೆ ಮದಿವ್ಯಾಗ ಯಾರಿಗಿ ಬೀಳ್ತದ ಗೊತ್ತಿಲ್ಲ. ನೀ ಸಹಿ ಹಾಕವನಿದ್ರ ಹಾಕು, ಆಮ್ಯಾಲ ನನ್ನ ಮಾರಿ ನೋಡಿ ಉಣ್ಣು."

ಅವನು ಮೂರನೆಯ ದಿನ ನನ್ನ ಹೆಸರಿಗೆ ತಕರಾರಿಲ್ಲ ಎಂದು ಬರೆದುಕೊಟ್ಟ. ನಾನು ಅರ್ಜಿ ಹಾಕಿದೆ, ಮೈದುನನೂ ತನ್ನ ಹೆಸರಿಗೆ ಅರ್ಜಿ ಹಾಕಿದ.

ಬಂದೂಕು ಹಿಡಿಯುವ ತರಬೇತಿಯ ಸರ್ಟಿಫಿಕೇಟ್ ಬೇಕಿತ್ತು. ಅದಕ್ಕಾಗಿ ಬೆಳಗಿನ ಬಸ್ಸಿಗೆ ಸುರಪುರ, ಶಹಾಪುರ ದಾಟಿ ಯಾದಗಿರಿಗೆ ಹೋಗಿ ಬಂದೆ, ಒಂದು ದಿನವಲ್ಲ, ತರಬೇತಿ ನಡೆದ ಅಷ್ಟೂ ದಿನ. ಮೈದಾನದ ತುಂಬ ಕಾಲೇಜಿನ ಹುಡುಗ ಹುಡುಗಿಯರು. ಕಲಿಸುವವರು ಸೇನೆಯಿಂದ ನಿವೃತ್ತರಾದ ಒಬ್ಬರು.

"ಯಮ್ಮಾ, ಮೊಮ್ಮಗನ್ನ ಬಿಡಾಕ ಬಂದಿದ್ರ ಆ ನೆರಳಿಗಿ ಕೂಡ್ರಿ."

"ಮೊಮ್ಮಗ ಮನ್ಯಾಗ ಹಾನ್ರಿ. ನಾನ ಬಂದೀನಿ."

ಅವರು ನಗಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿ ಗುರುತು ಹಾಕಿದರು. ಕಚ್ಚೆ ಹಾಕಿಕೊಂಡು ನೆಲದ ಮೇಲೆ ಬೋರಲು ಮಲಗುವಾಗ ನಾಚಿಕೆಯಿಂದ ಸತ್ತು ಹೋಗುವಂತಾಯಿತು. ಅವತ್ತು ಬುಡವನ್ನು ಭುಜದ ಗುಳಿಗೆ ಒತ್ತದೆ ಎಲುಬಿನ ಮೇಲೆ ಇಟ್ಟೆ. ಕಂದಿದ ಗುರುತು ಒಂದು ವಾರ ಉಳಿಯಿತು. ಗುರಿಯ ಹಲಗೆಯ ಕಾಗದಕ್ಕೆ ನನ್ನ ಮೊದಲ ಗುಂಡು ತಾಗಲೇ ಇಲ್ಲ. ಕೊನೆಯ ದಿನ ಐದರಲ್ಲಿ ನಾಲ್ಕು ತಾಗಿದವು. ಇದೇ ಆಟಕ್ಕೆ ಈಗಿನ ಹುಡುಗಿಯರು ಪದಕ ತರುತ್ತಾರಂತೆ. ಅವ್ವಿ, ನಿನಗೆ ಆಸೆ ಇದ್ದರೆ ನಾಚಿಕೊಳ್ಳಬೇಡ, ನಿಮ್ಮಪ್ಪನಿಗೆ ನಾನು ಹೇಳುತ್ತೇನೆ.

ಎರಡೂ ಅರ್ಜಿ ಇಟ್ಟುಕೊಂಡು ಲೈಸನ್ಸ್ ಕೊಡುವ ಸಾಹೇಬರು ನಮ್ಮಿಬ್ಬರನ್ನೂ ಯಾದಗಿರಿಗೆ ಕರೆಸಿದರು. ಮೈದುನ ಗರಿಗರಿ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ, ಮಾತುಗಳೂ ಗರಿಗರಿಯಾಗಿದ್ದವು. ಮನೆತನ, ಅಣ್ಣನ ಹೆಸರು, ಗಂಡಸಿನ ಜವಾಬ್ದಾರಿ. ನೀವು ಏನು ಹೇಳುತ್ತೀರಿ ಎಂದು ಸಾಹೇಬರು ನನ್ನನ್ನು ಕೇಳಿದರು. ಮಂದಿಯ ಮುಂದೆ ನನಗೆ ಮಾತು ಬರುವುದಿಲ್ಲ ಎಂದು ಗೊತ್ತಿದ್ದೇ ಮನೆಯಲ್ಲಿ ಬರೆದುಕೊಂಡು ಹೋಗಿದ್ದೆ. ಕುಪ್ಪಸದೊಳಗಿಂದ ತೆಗೆದುಕೊಟ್ಟೆ. ಸಾಹೇಬರು ಎಲ್ಲರಿಗೂ ಕೇಳುವಂತೆ ಓದಿದರು: "ಹಂದಿ ಬಂದಾಗ ಹೊಲದಲ್ಲಿ ಇರುವವಳು ನಾನು. ನನ್ನ ಮೈದುನರು ಊರಲ್ಲಿ ಇರುತ್ತಾರೆ. ಬಂದೂಕು ಹೊಲದಲ್ಲಿ ಇರಬೇಕು." ಓದಿ ಮುಗಿಸಿ, ನಿಮ್ಮ ಹೊಲಕ್ಕೂ ಹಂದಿ ಬರುತ್ತವೆಯೇ ಎಂದು ಮೈದುನನನ್ನು ಕೇಳಿದರು. ಅವನು ತನ್ನ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿ ಐದು ವರ್ಷವಾಗಿತ್ತು.

ಲೈಸನ್ಸ್ ನನ್ನ ಹೆಸರಿಗೆ ಬರಲು ಇನ್ನೂ ಒಂದು ಶೇಂಗಾ ಬೆಳೆ ಕಳೆಯಿತು. ಆ ವರ್ಷ ಹಂದಿಗಳು ತಿಂದು ಮಿಕ್ಕಿದ್ದನ್ನು ನಾವು ಕಿತ್ತೆವು. ಠಾಣೆಯಿಂದ ಬಂದೂಕು ತಂದು, ಅರಿವೆ ಎಳೆದು ಒರೆಸಿ, ಖಾಲಿ ಇದೆ ಎಂದು ನೋಡಿ ಭುಜಕ್ಕೆ ಆನಿಸಿದೆ. ಬೆರಳು ಗುಂಡು ಹಾರಿಸುವ ಕುದುರೆಗೆ ಮುಟ್ಟಲೇ ಇಲ್ಲ. ಮುತ್ಯಾ ಆರಡಿಯವರು. ಅದು ಅವರ ತೋಳಿನ ಅಳತೆಗೆ ಆರಿಸಿದ್ದು. ಇಪ್ಪತ್ತೆರಡು ವರ್ಷ ಒರೆಸಿದವಳಿಗೆ ಇಷ್ಟು ಗೊತ್ತಿರಲಿಲ್ಲ, ಯಾಕೆಂದರೆ ಒಮ್ಮೆಯೂ ಅದನ್ನು ಭುಜಕ್ಕೆ ಇಟ್ಟಿರಲಿಲ್ಲ.

ಶಹಾಪುರದಲ್ಲಿ ಬಂದೂಕು ದುರಸ್ತಿಯ ಲೈಸನ್ಸ್ ಇರುವ ಒಬ್ಬ ಮುಸಲ್ಮಾನ ಹಿರಿಯರು ಇದ್ದಾರೆ. ನಿಮ್ಮಪ್ಪ ಅಲ್ಲಿಗೆ ಕರೆದುಕೊಂಡು ಹೋದ. ಅವರು ಮನೆಯವರೊಡನೆ ಉರ್ದುವಿನಲ್ಲಿ ಮಾತಾಡುತ್ತ, ನನ್ನ ಮೊಳಕೈ ಮಡಚಿಸಿ ಅದರೊಳಗೆ ಬಂದೂಕಿನ ಬುಡ ಇಟ್ಟು, ಬೆರಳು ಎಲ್ಲಿಗೆ ಬರುತ್ತದೆ ಎಂದು ನೋಡಿದರು.

"ಮೂರ್ ಬೆರಳು ತೆಗೀಬೇಕಕ್ಕ. ನಳಿಗಿ ಮುಟ್ಟಂಗಿಲ್ಲ, ಅದು ಕಾಯ್ದೆಕ್ಕ ಬರಂಗಿಲ್ಲ. ಹಿಂದಿನ ಕಟಗಿ ಅಷ್ಟೇ. ಒಮ್ಮಿ ಕೊಯ್ದ್ರ ಹೋತು, ನೋಡ್ರಿ ಮತ್ತ."

ಮುತ್ಯಾನ ಕೆನ್ನೆ ತಾಗಿ ತಾಗಿ ನುಣ್ಣಗಾದ ಕಟ್ಟಿಗೆ ಅದು.

"ಕೊಯ್ಯದ ಏನರೆ ಮಾಡಾಕ ಬರ್ತದೇನಣ್ಣ?"

"ಬಂದೂಕಿನ ಅಳತಿಗಿ ಮನಷ್ಯಾರ್ನ ಎಳಿಯಾಕ ಬರಂಗಿಲ್ಲಕ್ಕ."

ಕೊಯ್ಯಿರಿ ಎಂದೆ. ಗರಗಸ ಓಡುವಾಗ ಹೊರಗೆ ಹೋಗಿ ನಿಂತೆ.

ಸುದ್ದಿ ಕೇಳಿ ಮೈದುನ ಮರುದಿನವೇ ಬಂದ. ನಿಮ್ಮವ್ವ ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟಳು. ಅವನು ಬಂದೂಕು ನೋಡಬೇಕೆಂದ. ನಾನು ಮಡಚಿ, ಖಾಲಿ ಇದೆ ಎಂದು ತೋರಿಸಿದೆ, ಕೈಗೆ ಕೊಡಲಿಲ್ಲ.

"ಅಣ್ಣನ ಕೈಯಾಗಿಂದಿದು. ಅವನ ಕೈ ಕೊಯ್ದಂಗ ಆತಲ್ಲ. ಇನ್ನ ಇದು ಯಾವ ಗಂಡಸಿನ ಭುಜಕ್ಕ ಕೂಡ್ತದ?"

ಬಾಗಿಲ ಹಿಂದೆ ನಿಲ್ಲದೆ ಅವನಿಗೆ ನೇರವಾಗಿ ನಾನು ಆಡಿದ ಮೊದಲ ಮಾತು ಇದು: "ಗಂಡಸಿನ ಭುಜಕ್ಕ ಕೂಡ್ಲಿ ಅಂತ ಕೊಯ್ಸಿಲ್ಲ, ತಮ್ಮಾ."

ತಂಬಿಗೆಯನ್ನು ಕಾಲಿನಿಂದ ಸರಿಸಿ ಎದ್ದು ಹೋದ. ಅವತ್ತಿನಿಂದ ನಮ್ಮ ಮನೆಯ ನೀರು ಅವನಿಗೆ ಬೇಡವಾಗಿದೆ. ಎದುರಾದರೆ ನಾನು ಸೆರಗು ಎಳೆದುಕೊಳ್ಳುತ್ತೇನೆ, ಅವನು ಹೊಲದ ಕಡೆ ನೋಡುತ್ತಾನೆ. ನನಗೆ ಗೆದ್ದ ಸಂತೋಷವೇನೂ ಇಲ್ಲ. ಒಂದು ಬಂದೂಕಿಗಾಗಿ ಗಂಡನ ಬೆನ್ನಿಗೆ ಹುಟ್ಟಿದ ತಮ್ಮನನ್ನು ಕಳೆದುಕೊಂಡೆ ಎಂದು ಕೆಲವರು ಅನ್ನುತ್ತಾರೆ. ಅವನು ನನ್ನನ್ನು ಕಳೆದುಕೊಂಡ ಎಂದು ಯಾರೂ ಅನ್ನುವುದಿಲ್ಲ. ನನ್ನ ಸಿಟ್ಟು ಆರದಿರುವುದು ಅದಕ್ಕೇ.

ನಾನು ಹೋದ ಮೇಲೆ ನಿಮ್ಮ ಮುಂದೆಯೂ ಯಾರಾದರೂ ಬರೆದು ಸಿದ್ಧಮಾಡಿದ ಕಾಗದ ತಂದು ಹಿಡಿಯುತ್ತಾರೆ. ಪೂರ್ತಿ ಓದಿ. ನಕ್ಕರೆ ನಗಲಿ, ನಿಧಾನವಾಗಿಯೇ ಓದಿ. ನಿಮ್ಮಲ್ಲಿ ಯಾರಿಗೂ ಬಂದೂಕು ಬೇಡವಾದರೆ ಠಾಣೆಗೆ ಒಪ್ಪಿಸಿ ರಸೀದಿ ತಗೊಳ್ಳಿ, ಅದರಲ್ಲಿ ಅವಮಾನವಿಲ್ಲ. ಬೇಕಾದರೆ ಕಲಿತು, ಬರೆದುಕೊಟ್ಟು, ನಿಮ್ಮ ಹೆಸರಿನಲ್ಲೇ ಇಟ್ಟುಕೊಳ್ಳಿ. ಕಚೇರಿಯ ಕಡತದಲ್ಲಿ ಇರುವುದು ನನ್ನ ಮೂರು ಸಾಲು ಮಾತ್ರ. ಮಿಕ್ಕದ್ದು ಈ ಹಾಳೆಗಳಲ್ಲಿದೆ, ಬೇರೆಲ್ಲೂ ಇಲ್ಲ. ನಿಮ್ಮ ಸಾಲೆಯ ಸರ್ಟಿಫಿಕೇಟುಗಳ ಚೀಲದಲ್ಲಿ, ಗೆದ್ದಲು ಹತ್ತದಂತೆ, ಇವನ್ನೂ ಇಡಿ.