ಬೋಳು ಹಿತ್ತಲಿನಲ್ಲಿ ಕಾಕಾನ ಹೊರಸು

ನಮ್ಮ ಕಾಕಾನ ಸ್ವಚ್ಛತೆಯ ಹುಚ್ಚನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಪ್ಪನ ಈ ತಮ್ಮ ಒಂದು ಕೆಲಸ ಹಿಡಿದನೆಂದರೆ ಮನೆಯ ಹೆಂಗಸರಿಗೆ ಹತ್ತು ಕೆಲಸ ಹಚ್ಚಿಯೇ ಬಿಡುತ್ತಿದ್ದ.

ಐವತ್ತರ ದಶಕದ ಒಂದು ಬೇಸಿಗೆ. ಕುಲಗೋಡದ ನಮ್ಮ ಮನೆಗೆ ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆರಿಗೆಯಲ್ಲಿ ಬಹಳ ರಕ್ತ ಹೋಗಿ, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಕೂಸಿಗೆ ಹಾಲು ಸಾಲುತ್ತಿರಲಿಲ್ಲ. ದಿನಾ ತತ್ತಿ ತಿನ್ನಿಸಿರಿ ಎಂದು ಮೂಡಲಗಿಯ ಡಾಕ್ಟರು ಹೇಳಿದ್ದರು. ಅವ್ವನ ಕೋಳಿಗಳಿದ್ದವಲ್ಲ, ಚಿಂತೆಯಿರಲಿಲ್ಲ. ಬೆಳಿಗ್ಗೆ ಬುಟ್ಟಿ ಎತ್ತಿದರೆ ಸಾಕು, ಹಿತ್ತಲಿನ ಬಾರಿಕಂಟಿಯ ಮುಳ್ಳುಪೊದೆಯ ಬುಡದಲ್ಲಿ, ಹತ್ತಿಕಟ್ಟಿಗೆಯ ಒಟ್ಟಿಲಿನ ಸಂದಿಯಲ್ಲಿ ದಿನವಿಡೀ ಕೆದರುತ್ತ ಹುಳ ಹೆಕ್ಕುತ್ತಿದ್ದವು. ತತ್ತಿಯನ್ನೂ ಅಲ್ಲೇ ನೆರಳಿನಲ್ಲಿ ಇಡುತ್ತಿದ್ದವು.

ಅಷ್ಟರಲ್ಲಿ ಕೂಸನ್ನು ನೋಡಲು ಅಕ್ಕನ ಗಂಡನ ಊರಾದ ದಡ್ಡಿಯಿಂದ ಬೀಗರು ಬರುತ್ತಾರೆಂದು ಸುದ್ದಿ ಬಂತು. ಕಾಕಾ ಸೊಂಟ ಕಟ್ಟಿ ನಿಂತ. ಕಂಟಿ ಕಡಿದ. ಕಟ್ಟಿಗೆಯನ್ನೆಲ್ಲ ಬಾಜೂ ಮನೆಯವರಿಗೆ ಕೊಟ್ಟುಬಿಟ್ಟ. ಇಡೀ ಹಿತ್ತಲನ್ನು ನಮ್ಮ ಕೈಯಿಂದ ಸೆಗಣಿ ಹಾಕಿ ಸಾರಿಸಿದ.

“ನೋಡು ವೈನಿ, ಕೋಳಿಗೂ ಆಡಾಕ ಎಷ್ಟ ಜಾಗಾ ಆತು!” ಎಂದು ಅತ್ತಿಗೆಯಾದ ನಮ್ಮ ಅವ್ವನಿಗೆ ತೋರಿಸಿದ.

ಆಡುವುದೆಲ್ಲಿ ಬಂತು! ಅವು ಗೋಡೆ ಬಿಟ್ಟು ಕದಲಲಿಲ್ಲ. ಒಂದೆರಡು ಹೆಜ್ಜೆ ಇಡುವಷ್ಟರಲ್ಲಿ ಮೇಲೆ ಹದ್ದು ಸುಳಿದರೆ ತಿರುಗಿ ಓಡಿ ಬಂದು, ಒಂದಕ್ಕೊಂದು ಒತ್ತಿಕೊಂಡು ನಿಂತು, ಕುತ್ತಿಗೆಯ ಪುಕ್ಕ ಕುಕ್ಕಿ ಕುಕ್ಕಿ ಕಿತ್ತುಕೊಳ್ಳುತ್ತಿದ್ದವು. ತತ್ತಿ ನಿಂತೇಹೋಯಿತು. ಅಕ್ಕನಿಗೆ ಬರೀ ಜೋಳದ ಗಂಜಿಯೇ ಗತಿಯಾಯಿತು.

“ನಿನ್ನ ಕೋಳಿಗೆ ವಯಸ್ಸಾಗೈತಿ. ಬೀಗರು ಬಂದಾಗ ಕೊಯ್ಯೂಣು,” ಎಂದ ಕಾಕಾ.

“ಬಟಾಬಯಲಾಗ ಹದ್ದಿಗೆ ಅಂಜತಾವು,” ಎಂದಳು ಅವ್ವ.

“ಕೋಳಿ ಬಂದು ನಿನ್ನ ಮುಂದ ಹೇಳ್ತೇನು?” ಎಂದು ಅವನು ನಕ್ಕ. ಅಪ್ಪ ತಮ್ಮನನ್ನು ತಡೆಯದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ನನಗೆ ಇಬ್ಬರ ಮೇಲೂ ಸಿಟ್ಟು ನೆತ್ತಿಗೇರಿತ್ತು.

ಮರುದಿನ ಕಾಕಾ ಗೋಕಾಕದ ಸಂತೆಗೆ ಹೋದದ್ದೇ ತಡ, ಅವ್ವ ನನ್ನನ್ನು ಕರೆದಳು. “ಆ ಕಡೆ ಹಿಡಿ.” ಕಾಕಾ ಮಲಗುವ ಹಗ್ಗದ ಹೊರಸನ್ನು ಇಬ್ಬರೂ ಹೊತ್ತುಕೊಂಡು ಹೋಗಿ ಹಿತ್ತಲಿನ ನಡುವೆ ಇಟ್ಟೆವು. ಅದರ ಮೇಲೆ ಎರಡು ಬದಿ ನೆಲ ಮುಟ್ಟುವಂತೆ ಹಳೆಯ ಕೌದಿ ಹೊದಿಸಿದಳು. ಸಂಜೆಯೊಳಗೆ ಕೋಳಿಗಳು ಅದರಡಿ ಕೆದರತೊಡಗಿದ್ದವು.

ಕಾಕಾ ಬಂದು ಕೂಗಾಡಿದ. “ಕಂಟಿ ಹಚ್ಚು. ಅದು ಬೆಳದ ಮ್ಯಾಲ ಹೊರಸು ಒಯ್ಯು,” ಎಂದಳು ಅವ್ವ. ಅವನು ನೆಲದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಕೆಲವೇ ದಿನಗಳಲ್ಲಿ ಹೊರಸಿನಡಿ ತತ್ತಿ ಸಿಗತೊಡಗಿದವು.

ಬೀಗರು ಬಂದರು. ಕಾಕಾ ಅವರನ್ನು ನೇರ ಹಿತ್ತಲಿಗೇ ಕರೆದೊಯ್ದ.

“ಕೋಳಿಗೆ ಮ್ಯಾಲ ನೆರಳ ಬೇಕ್ರಿ. ಅದಕ್ಕ ನಾ ನನ್ನ ಹೊರಸನ್ನ ಬಿಟ್ಟುಕೊಟ್ಟೇನಿ.”

“ದೊಡ್ಡ ಮನಸ್ಸು ನಿಮ್ಮದು,” ಎಂದರು ಬೀಗರು. ಒಲೆಯ ಮುಂದೆ ತತ್ತಿ ಸುಲಿಯುತ್ತಿದ್ದ ಅವ್ವನಿಗೂ ಅದು ಕೇಳಿಸಿತು. ನಾನು ಖರೆ ಸಂಗತಿ ಹೇಳಿಯೇ ಬಿಡುತ್ತೇನೆಂದು ಎದ್ದೆ. ಅವ್ವ ನನ್ನ ಕೈಗೆ ತತ್ತಿಯ ಬಟ್ಟಲು ಕೊಟ್ಟಳು.

“ಮೊದಲ ಇದನ್ನ ಅಕ್ಕಗ ಕೊಡು. ಆರಾಕತ್ತೈತಿ.”